ಮಗು ಮನಸ್ಸಿನ ಅಕ್ಷರ ಕಲಿಯುವುದು ಹೇಗೆ?



ಅಕ್ಷರ ಕಲಿಯುವ ಮೊದಲು ಪುಸ್ತಕದ ಪುಟ ಹೇಗೆ ಕಾಣುತ್ತಿತ್ತು? ಎಲ್ಲ ಅಕ್ಷರವೂ ಒಂದೇ ತರ. ‘ಮ’ ಯಾವುದು, ‘ವ’ ಯಾವುದು ತಿಳಿಯುತ್ತಿರಲಿಲ್ಲ. ಆಮೇಲೆ ಒಂದೊಂದಕ್ಕೂ ಹೆಸರು ಗೊತ್ತಾಯಿತು. ಗುರುತು ಸಿಕ್ಕಿತು. ಈಗ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ಯಾವುದು, ಕುಣಿಗಲ್ ಬಸ್ಸು ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಬೋರ್ಡು ಓದುತ್ತೇವೆ, ಹತ್ತುತ್ತೇವೆ.

ನಮ್ಮ ಮನೆಯ ಮಗುವೂ ಒಂದು ಓದು ಕಲಿಯುತ್ತಿದೆ. ಅದು ಪುಸ್ತಕದ ಓದಲ್ಲ, ಮನಸ್ಸಿನ ಓದು.

ಮಗುವಿನ ಒಳಗೆ ಏನೇನೋ ಆಗುತ್ತದೆ. ಎದೆ ಡವಡವ ಅನ್ನುತ್ತದೆ. ಕಣ್ಣು ತುಂಬುತ್ತದೆ. ಕೈ ಮುಷ್ಟಿ ಕಟ್ಟುತ್ತದೆ. ಇದು ಭಯವೋ, ದುಃಖವೋ, ಸಿಟ್ಟೋ ಮಗುವಿಗೆ ಗೊತ್ತಿರುವುದಿಲ್ಲ. ಅದಕ್ಕೂ ಎಲ್ಲ ಒಂದೇ ತರ ಕಾಣುತ್ತದೆ.

ಸಂತೋಷ, ದುಃಖ, ಸಿಟ್ಟು, ಭಯ, ನಾಚಿಕೆ, ಹೊಟ್ಟೆಕಿಚ್ಚು. ಇವಕ್ಕೆ ಭಾವನೆಗಳು ಎನ್ನುತ್ತೇವೆ. ಇವೇ ಮನಸ್ಸಿನ ಅಕ್ಷರಗಳು. ಈ ಅಕ್ಷರ ಗೊತ್ತಿರುವ ಮಗು ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಬೇರೆಯವರ ಕಷ್ಟವೂ ಅದಕ್ಕೆ ಅರ್ಥವಾಗುತ್ತದೆ. ಗೊತ್ತಿಲ್ಲದ ಮಗು ಒಳಗೇ ಬೇಯುತ್ತದೆ. ಇಲ್ಲವೇ ಹೊಡೆಯುತ್ತದೆ, ಕಚ್ಚುತ್ತದೆ.

ಈ ಅಕ್ಷರ ಕಲಿಸುವವರು ಯಾರು? ತಾಯಿ, ಅಪ್ಪ, ಅಜ್ಜಿ, ಅಕ್ಕ, ಅಂಗನವಾಡಿ ಟೀಚರ್. ಎಂದರೆ ನಾವೇ. ಹಾಗಾದರೆ ಹೇಗೆ ಕಲಿಸುತ್ತೇವೆ ಎಂದು ನಾವು ತಿಳಿದಿರಬೇಡವೇ? ಬನ್ನಿ, ಓದೋಣ.

ಮೊದಲ ಪುಸ್ತಕ ನಮ್ಮ ಮುಖ

ಹುಟ್ಟಿದ ಕೂಸಿಗೆ ಏನೂ ತಿಳಿಯದು ಎನ್ನುತ್ತೇವೆ. ಅದು ಪೂರ್ತಿ ನಿಜವಲ್ಲ. ಹೊಟ್ಟೆಯಲ್ಲಿರುವಾಗಲೇ ಅದು ತಾಯಿಯ ದನಿ ಕೇಳಿರುತ್ತದೆ. ಹುಟ್ಟಿದ ಕೆಲವೇ ದಿನಕ್ಕೆ ಆ ದನಿಯನ್ನು ಗುರುತಿಸುತ್ತದೆ.

ಒಂದೂವರೆ, ಎರಡು ತಿಂಗಳಿಗೆ ಕೂಸು ನಮ್ಮ ಮುಖ ನೋಡಿ ನಗುತ್ತದೆ. ನಾವೂ ನಗುತ್ತೇವೆ. ಅದು ‘ಊಂ’ ಅಂದರೆ ನಾವೂ ‘ಊಂ’ ಅನ್ನುತ್ತೇವೆ. ನೋಡುವವರಿಗೆ ಇದು ಬರೀ ಆಟ. ಮಗುವಿಗೆ ಇದೇ ಮೊದಲ ಪಾಠ. ‘ನಾನು ನಕ್ಕರೆ ಅಮ್ಮನೂ ನಗುತ್ತಾಳೆ. ನನ್ನ ಮನಸ್ಸು ಅವಳಿಗೆ ಗೊತ್ತಾಗುತ್ತದೆ.’

ಅಮೆರಿಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದರು. 1978ರಲ್ಲಿ ಅದರ ವಿವರ ಅಚ್ಚಾಯಿತು. ತಾಯಿ ಮೊದಲು ಕೂಸಿನ ಜೊತೆ ನಗುತ್ತಾ ಆಡುತ್ತಾಳೆ. ಆಮೇಲೆ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುತ್ತಾಳೆ. ನಗುವುದಿಲ್ಲ, ಮಾತಾಡುವುದಿಲ್ಲ. ಕೂಸು ಏನು ಮಾಡಿತು ಗೊತ್ತೇ? ಮೊದಲು ನಕ್ಕು ಅಮ್ಮನನ್ನು ಕರೆಯಿತು. ಕೈ ಕಾಲು ಆಡಿಸಿತು. ಅಮ್ಮ ಓಗೊಡಲಿಲ್ಲ. ಕೊನೆಗೆ ಕೂಸು ಮುಖ ತಿರುಗಿಸಿ ಸಪ್ಪಗಾಯಿತು.

ಈಗ ನಮ್ಮ ಮನೆಗಳನ್ನು ನೋಡೋಣ. ಮಗು ಮಡಿಲಲ್ಲಿ ಇರುತ್ತದೆ. ನಮ್ಮ ಕಣ್ಣು ಮೊಬೈಲಿನಲ್ಲಿ ಇರುತ್ತದೆ. ಮಗು ನಗುತ್ತದೆ, ನಾವು ನೋಡುವುದಿಲ್ಲ. ಮಗುವಿಗೆ ಆಗ ನಮ್ಮದೂ ಕಲ್ಲಿನ ಮುಖವೇ.

ಹಾಗಂತ ದಿನವಿಡೀ ಮಗುವನ್ನೇ ನೋಡುತ್ತಾ ಕೂರಬೇಕೆ? ಬೇಡ. ಹೊಲ, ಹಿಟ್ಟು, ನೀರು, ದನ, ಕೂಲಿ ಎಲ್ಲವೂ ನಮ್ಮ ತಲೆಯ ಮೇಲಿದೆ. ಟ್ರಾನಿಕ್ ಅವರು ಇನ್ನೊಂದು ಮಾತನ್ನೂ ಹೇಳಿದ್ದಾರೆ. ತಾಯಿ ಮಗುವಿನ ನಡುವೆ ತಾಳ ತಪ್ಪುವುದು ಸಹಜ. ಮತ್ತೆ ಬಂದು ತಾಳ ಕೂಡಿಸುವುದು ಮುಖ್ಯ. ಮುದ್ದೆ ಕಟ್ಟಿ ಇಳಿಸಿದ ಮೇಲೆ ಮಗುವಿನ ಹತ್ತಿರ ಬನ್ನಿ. ‘ಏನು ಕಂದಾ, ಅಮ್ಮ ಮಾತಾಡಿಸಲಿಲ್ಲ ಅಂತ ಬೇಜಾರಾಯ್ತಾ?’ ಅನ್ನಿ. ಅಷ್ಟು ಸಾಕು.

ಹೆದರಬೇಕೋ, ಬೇಡವೋ?

ಕುಣಿಗಲ್ ಎಂದರೆ ದೊಡ್ಡ ಕೆರೆ ನೆನಪಾಗುತ್ತದೆ, ಕುದುರೆ ಫಾರಂ ನೆನಪಾಗುತ್ತದೆ. ಒಂದು ವರ್ಷದ ಮಗು ಮೊದಲ ಸಲ ಕುದುರೆ ನೋಡಿತು ಎಂದುಕೊಳ್ಳಿ. ಎಷ್ಟು ದೊಡ್ಡ ಪ್ರಾಣಿ! ಮಗು ಕುದುರೆಯನ್ನು ನೋಡುತ್ತದೆ. ಆಮೇಲೆ ತಟ್ಟನೆ ಅಮ್ಮನ ಮುಖ ನೋಡುತ್ತದೆ. ಯಾಕೆ? ಅದಕ್ಕೆ ಒಂದು ಪ್ರಶ್ನೆ ಇದೆ. ‘ನಾನು ಹೆದರಬೇಕಾ, ಬೇಡವಾ?’ ಉತ್ತರ ಅಮ್ಮನ ಮುಖದಲ್ಲಿದೆ.

ಇದನ್ನೂ ಪರೀಕ್ಷೆ ಮಾಡಿದ್ದಾರೆ. 1985ರಲ್ಲಿ ಅಮೆರಿಕದಲ್ಲಿ ನಡೆದದ್ದು. ಒಂದು ದೊಡ್ಡ ಮೇಜು. ಅದರ ಅರ್ಧ ಭಾಗ ಕೆಳಗೆ ಹಳ್ಳ ಇರುವಂತೆ ಕಾಣುತ್ತದೆ. ಮೇಲೆ ಗಟ್ಟಿ ಗಾಜು ಇದೆ, ಬೀಳುವ ಭಯವಿಲ್ಲ. ಒಂದು ವರ್ಷದ ಮಕ್ಕಳು ಅಂಬೆಗಾಲಿಟ್ಟು ಬಂದು ಅಂಚಿನಲ್ಲಿ ನಿಂತವು. ಆಚೆ ಬದಿಯಲ್ಲಿ ತಾಯಿ ಇದ್ದಳು. ತಾಯಿ ಬಾಯಲ್ಲಿ ಏನೂ ಹೇಳುವಂತಿಲ್ಲ. ಮುಖದಲ್ಲಿ ಮಾತ್ರ ತೋರಿಸಬೇಕು. ತಾಯಿ ನಗುಮುಖ ತೋರಿಸಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದವು. ತಾಯಿ ಭಯದ ಮುಖ ತೋರಿಸಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ.

ನೋಡಿದಿರಾ? ಮಾತು ಬರುವ ಮೊದಲೇ ಮಗು ನಮ್ಮ ಮುಖ ಓದುತ್ತದೆ. ನಾವು ಹಲ್ಲಿ ಕಂಡು ಕಿರುಚಿದರೆ ಮಗುವೂ ಹಲ್ಲಿಗೆ ಹೆದರುತ್ತದೆ. ನಾವು ಯಾರನ್ನೋ ಕಂಡು ಮುಖ ಸಿಂಡರಿಸಿದರೆ ಅದನ್ನೂ ಕಲಿಯುತ್ತದೆ.

ಸುಮಾರು 8 ತಿಂಗಳಿಂದ ಮಗುವಿಗೆ ಇನ್ನೊಂದು ಭಯ ಬರುತ್ತದೆ. ಅಮ್ಮ ಎದ್ದರೆ ಅಳು. ಹೊಸಬರು ಎತ್ತಿಕೊಂಡರೆ ಅಳು. ‘ಬೊಂಬಾಯಿ ಹಟ, ಅತಿ ಮುದ್ದು ಮಾಡಿ ಕೆಡಿಸಿದ್ದೀಯ’ ಎಂದು ಕೆಲವರು ಬಯ್ಯುತ್ತಾರೆ. ಇದು ಹಟವಲ್ಲ. ‘ಇವಳು ನಮ್ಮಮ್ಮ, ಅವರು ಬೇರೆಯವರು’ ಎಂದು ತಿಳಿದದ್ದರ ಗುರುತು. ಮಗು ಬೆಳೆಯುತ್ತಿದೆ ಎಂದು ಅರ್ಥ.

ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸಿಗೆ ಹೋಗುವ ತಾಯಂದಿರು ಇದ್ದಾರೆ. ಮಗು ಅಳುತ್ತದೆ ಎಂದು ಹಿತ್ತಿಲ ಬಾಗಿಲಿಂದ ಕದ್ದು ಹೋಗುತ್ತಾರೆ. ಅಜ್ಜಿಯೂ ‘ನೀನು ಹೋಗ್ಬಿಡವ್ವ, ನಾನು ನೋಡ್ಕೋತೀನಿ’ ಅನ್ನುತ್ತಾರೆ. ಆದರೆ ಮಗು ತಿರುಗಿ ನೋಡಿದರೆ ಅಮ್ಮ ಇಲ್ಲ! ಮರುದಿನ ಅದು ಸೆರಗು ಬಿಡುವುದೇ ಇಲ್ಲ. ಯಾವಾಗ ಮಾಯವಾಗುತ್ತಾಳೋ ಎಂಬ ಭಯ ಅದಕ್ಕೆ.

ಹೇಳಿಯೇ ಹೋಗೋಣ. ‘ಅಮ್ಮ ಕೆಲ್ಸಕ್ಕೆ ಹೋಗಿ ಸಾಯಂಕಾಲ ಬರ್ತೀನಿ. ಅಲ್ಲೀಗಂಟ ಅಜ್ಜಿ ಹತ್ರ ಇರು.’ ಆಗ ಅಳುತ್ತದೆ, ಅಳಲಿ. ಸಾಯಂಕಾಲ ಹೇಳಿದಂತೆ ಬನ್ನಿ. ‘ನೋಡು, ಬಂದೆ’ ಅನ್ನಿ. ಕೆಲವು ದಿನಕ್ಕೆ ಮಗು ತಿಳಿಯುತ್ತದೆ. ಹೋದ ಅಮ್ಮ ಬರುತ್ತಾಳೆ. ಇದಕ್ಕೆ ನಂಬಿಕೆ ಎಂದು ಹೆಸರು. ಇದೂ ಮನಸ್ಸಿನ ಒಂದು ಅಕ್ಷರವೇ.

ನನಗೆ ಬೇರೆ, ನಿನಗೆ ಬೇರೆ

1997ರಲ್ಲಿ ಇಬ್ಬರು ಸಂಶೋಧಕಿಯರು ಪುಟ್ಟ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಬಿಸ್ಕತ್ತು, ಒಂದರಲ್ಲಿ ಹೂಕೋಸಿನ ಜಾತಿಯ ಹಸಿ ತರಕಾರಿ. ಮಕ್ಕಳಿಗೆ ಇಷ್ಟವಾದದ್ದು ಬಿಸ್ಕತ್ತು. ಆದರೆ ಎದುರು ಕೂತ ಹೆಂಗಸು ತರಕಾರಿ ತಿಂದು ‘ಆಹಾ’ ಎಂದು ಮುಖ ಅರಳಿಸಿದಳು. ಬಿಸ್ಕತ್ತು ತಿಂದು ‘ಥೂ’ ಎಂದಳು. ಆಮೇಲೆ ಮಗುವಿನ ಮುಂದೆ ಕೈ ಚಾಚಿ ‘ನನಗೂ ಸ್ವಲ್ಪ ಕೊಡು’ ಎಂದಳು.

14 ತಿಂಗಳ ಮಕ್ಕಳು ಬಿಸ್ಕತ್ತು ಕೊಟ್ಟವು. ತಮಗೆ ಇಷ್ಟವಾದದ್ದು ಅವಳಿಗೂ ಇಷ್ಟ ಎಂದುಕೊಂಡವು. 18 ತಿಂಗಳ ಮಕ್ಕಳು ತರಕಾರಿ ಕೊಟ್ಟವು! ನಾಲ್ಕೇ ತಿಂಗಳಲ್ಲಿ ಎಷ್ಟು ದೊಡ್ಡ ವಿಷಯ ಕಲಿತವು ನೋಡಿ. ‘ನನ್ನ ಆಸೆ ಬೇರೆ, ನಿನ್ನ ಆಸೆ ಬೇರೆ.’

ಈ ವಯಸ್ಸಿನಲ್ಲೇ ಮಗು ಬೇರೆಯವರ ಅಳು ಕಂಡು ಹತ್ತಿರ ಬರುತ್ತದೆ. ತನ್ನ ಗೊಂಬೆ ತಂದು ಕೊಡುತ್ತದೆ. ನಮ್ಮ ಕಣ್ಣು ಒರೆಸುತ್ತದೆ. ಆಗ ‘ಹೋಗಾಚೆ’ ಎನ್ನಬೇಡಿ. ‘ಅಮ್ಮಂಗೆ ತಲೆ ನೋಯ್ತಿತ್ತು. ನೀನು ಬಂದೆಯಲ್ಲ, ಈಗ ಸಮಾಧಾನ ಆಯ್ತು’ ಅನ್ನಿ. ಕರುಣೆ ಎಂಬ ಅಕ್ಷರ ಹೀಗೆ ಬರುತ್ತದೆ.

ಹೆಸರು ಗೊತ್ತಾದರೆ ಹಿಡಿತ ಸಿಗುತ್ತದೆ

ಎರಡು, ಮೂರು ವರ್ಷದ ಮಗು ಎಂದರೆ ಮನೆಯಲ್ಲಿ ಬಿರುಗಾಳಿ. ಸಂತೆಯಲ್ಲಿ ಬಲೂನು ಕೊಡಿಸಲಿಲ್ಲ ಎಂದು ನೆಲಕ್ಕೆ ಬಿದ್ದು ಹೊರಳುತ್ತದೆ. ಸಿಟ್ಟು ದೊಡ್ಡದು, ಮಾತು ಚಿಕ್ಕದು. ಅದಕ್ಕೇ ಮೈಯೆಲ್ಲ ಮಾತಾಡುತ್ತದೆ.

ಗುಬ್ಬಿ ಸಂತೆಯಲ್ಲಿ ಇಬ್ಬರು ತಾಯಂದಿರನ್ನು ನೋಡೋಣ. ಇದು ಯಾರೋ ಒಬ್ಬರ ಮನೆಯ ಮಾತಲ್ಲ, ಎಲ್ಲರ ಮನೆಯ ಮಾತು.

ಮೊದಲನೆಯ ತಾಯಿ: ‘ಏಳು ಮೇಲೆ! ನಾಚ್ಕೆ ಆಗಲ್ವಾ? ಎಲ್ಲ ನೋಡ್ತಾ ಇದಾರೆ. ಬಿಟ್ಟು ಹೋಗ್ತೀನಿ ನೋಡು.’

ಎರಡನೆಯ ತಾಯಿ: ‘ಬಲೂನು ಬೇಕು ಅಂತ ಆಸೆ ಆಯ್ತು. ಅಮ್ಮ ಕೊಡಿಸ್ಲಿಲ್ಲ ಅಂತ ಸಿಟ್ಟು ಬಂತು. ಅಲ್ವಾ ಮಗಾ? ಇವತ್ತು ದುಡ್ಡು ತರ್ಕಾರಿಗೆ ಮಾತ್ರ ಇದೆ. ಬಾ, ಎತ್ಕೋತೀನಿ.’

ಎರಡನೆಯ ತಾಯಿ ಬಲೂನು ಕೊಡಿಸಲಿಲ್ಲ. ಅದನ್ನು ಗಮನಿಸಿ. ಹಟಕ್ಕೆ ಸೋಲಲಿಲ್ಲ. ಆದರೆ ಎರಡು ಅಕ್ಷರ ಕಲಿಸಿದಳು. ಆಸೆ, ಸಿಟ್ಟು. ಹತ್ತು ಸಲ ಹೀಗೆ ಹೇಳಿದರೆ ಹನ್ನೊಂದನೇ ಸಲ ಮಗುವೇ ‘ಅಮ್ಮಾ, ನಂಗೆ ಸಿಟ್ಟು ಬಂತು’ ಎನ್ನುತ್ತದೆ. ನೆಲಕ್ಕೆ ಬೀಳುವುದು ಮೆಲ್ಲಗೆ ಕಡಿಮೆಯಾಗುತ್ತದೆ.

ಸಿಟ್ಟು ಬರುವುದು ತಪ್ಪಲ್ಲ. ಹೊಡೆಯುವುದು ತಪ್ಪು. ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳಬೇಕು. ‘ತಮ್ಮನ ಮೇಲೆ ಸಿಟ್ಟು ಬಂತಾ? ಬರಲಿ. ಹೊಡಿಯೋದು ಬೇಡ. ಬಂದು ನಂಗೆ ಹೇಳು.’

ನಮ್ಮಲ್ಲಿ ಒಂದು ರೂಢಿ ಇದೆ. ಮಗು ಎಡವಿ ಬೀಳುತ್ತದೆ. ನಾವು ನೆಲಕ್ಕೆ ಎರಡು ಹೊಡೆಯುತ್ತೇವೆ. ‘ನೋಡು, ನೆಲಕ್ಕೆ ಹೊಡೆದೆ, ಅಳಬೇಡ’ ಎನ್ನುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಮಗು ಏನು ಕಲಿಯಿತು? ನೋವಾದರೆ ಯಾರಿಗಾದರೂ ಹೊಡೆಯಬೇಕು ಎಂದು. ಅದರ ಬದಲು ಮಂಡಿ ಉಜ್ಜಿ, ‘ನೋವಾಯ್ತಾ? ಎಲ್ಲಿ, ಊದ್ತೀನಿ’ ಅನ್ನೋಣ.

ಹೊಸ ಕೂಸು ಹುಟ್ಟಿದಾಗ ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ. ಕೂಸನ್ನು ಚಿವುಟುತ್ತದೆ. ‘ಕೆಟ್ಟವಳು’ ಎಂದರೆ ಅವಳು ಕದ್ದು ಚಿವುಟುತ್ತಾಳೆ. ‘ಪಾಪು ಬಂದ್ಮೇಲೆ ಅಮ್ಮ ನಿನ್ನ ಎತ್ಕೊಳ್ಳಲ್ಲ ಅಂತ ಬೇಜಾರಾ?’ ಎಂದು ಕೇಳಿ. ದಿನಕ್ಕೆ ಹತ್ತು ನಿಮಿಷ ಅವಳೊಬ್ಬಳನ್ನೇ ಕೂರಿಸಿಕೊಳ್ಳಿ. ತಲೆ ಬಾಚುವಾಗ ಆದರೂ ಸರಿ.

ಮುಖವೇ ಬೇರೆ, ಮನಸ್ಸೇ ಬೇರೆ

ಗುಬ್ಬಿ ಎಂದರೆ ನಾಟಕ. 1884ರಲ್ಲಿ ಅಲ್ಲಿ ನಾಟಕ ಕಂಪನಿ ಶುರುವಾಯಿತು. ಗುಬ್ಬಿ ವೀರಣ್ಣನವರು ಇನ್ನೂ ಹುಡುಗನಾಗಿದ್ದಾಗಲೇ ಕಂಪನಿ ಸೇರಿದರು. ಮುಂದೆ ಅದನ್ನು ನಡೆಸಿ ನಾಡಿಗೆಲ್ಲ ಹೆಸರಾದರು. ‘ಸದಾರಮೆ’ ನಾಟಕದಲ್ಲಿ ಕಳ್ಳನ ಪಾತ್ರ ಮಾಡಿ ಜನರನ್ನು ನಗಿಸುತ್ತಿದ್ದರು. 1972ರಲ್ಲಿ ತೀರಿಕೊಂಡರು. ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರ ಇದೆ.

ನಾಟಕಕ್ಕೂ ಮಗುವಿಗೂ ಏನು ಸಂಬಂಧ? ಇದೆ. ಮೂರು ವರ್ಷದ ಮಗುವನ್ನು ನಾಟಕಕ್ಕೆ ಕರೆದುಕೊಂಡು ಹೋಗಿ. ರಾಕ್ಷಸ ಬಂದರೆ ಅದು ಚೀರುತ್ತದೆ. ಅದಕ್ಕೆ ಎದುರು ಕಂಡದ್ದೇ ನಿಜ. ಆರು ವರ್ಷದ ಮಗು ಹಾಗಲ್ಲ. ‘ಅದು ಬಣ್ಣ ಹಾಕ್ಕೊಂಡಿರೋದು ಕಣೋ’ ಎಂದು ತಮ್ಮನಿಗೆ ಹೇಳುತ್ತದೆ. ಮೇಲೆ ಕಾಣುವುದು ಒಂದು, ಒಳಗೆ ಇರುವುದು ಒಂದು. ನಾಲ್ಕರಿಂದ ಆರು ವರ್ಷದ ಒಳಗೆ ಮಕ್ಕಳು ಇದನ್ನು ಕಲಿಯುತ್ತಾರೆ. ತಮ್ಮ ಮುಖದಲ್ಲೂ ಇದನ್ನು ಮಾಡಲು ಕಲಿಯುತ್ತಾರೆ. ಅತ್ತೆ ಕೊಟ್ಟ ಲಂಗ ಇಷ್ಟವಾಗದಿದ್ದರೂ ನಗುತ್ತಾರೆ.

ಇಲ್ಲಿ ನಾವು ಯೋಚಿಸಬೇಕಾದ ಒಂದು ವಿಷಯ ಇದೆ. 1994ರಲ್ಲಿ ಜೋಶಿ ಮತ್ತು ಮ್ಯಾಕ್ಲೀನ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಭಾರತದ ಮಕ್ಕಳು, ಇಂಗ್ಲೆಂಡಿನ ಮಕ್ಕಳು, ಇಬ್ಬರಿಗೂ ಕಥೆ ಹೇಳಿ ಪ್ರಶ್ನೆ ಕೇಳಿದರು. ‘ಈ ಹುಡುಗಿಗೆ ಒಳಗೆ ಏನಾಗಿದೆ? ಅವಳ ಮುಖ ಹೇಗೆ ಕಾಣುತ್ತದೆ?’ ನಾಲ್ಕು ವರ್ಷದ ಮಕ್ಕಳಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಮುಂದಿದ್ದರು. ದುಃಖ ಮುಚ್ಚಿಟ್ಟು ಮುಖ ಬೇರೆ ತೋರಿಸುವುದು ಅವರಿಗೆ ಆಗಲೇ ಗೊತ್ತಿತ್ತು.

ಇದನ್ನು ಕೇಳಿ ಹೆಮ್ಮೆ ಪಡಬೇಕೋ, ಮರುಗಬೇಕೋ? ಹುಡುಗಿಯರು ಜಾಣೆಯರು, ಅದು ನಿಜ. ಆದರೆ ಅಷ್ಟು ಬೇಗ ಯಾಕೆ ಕಲಿತರು? ನಾವು ಕಲಿಸಿದೆವು. ‘ಹೆಣ್ಣುಮಗು ಜೋರಾಗಿ ನಗಬಾರದು.’ ‘ದೊಡ್ಡೋರ ಮುಂದೆ ಮುಖ ಊದಿಸ್ಕೋಬಾರದು.’ ‘ಕೊಟ್ಟ ಮನೇಲಿ ಹೆಂಗೆ ಬಾಳ್ತೀಯ?’ ನಮಗೂ ನಮ್ಮ ಅವ್ವಂದಿರು ಇದನ್ನೇ ಹೇಳಿದ್ದರು. ನುಂಗಿಕೊಂಡು ಬಾಳಿದೆವು. ನುಂಗಿದ ಮಾತು ಎಲ್ಲಿ ಹೋಯಿತು? ಎದೆನೋವಾಯಿತು, ತಲೆನೋವಾಯಿತು, ನಿದ್ದೆ ಬಾರದ ರಾತ್ರಿಯಾಯಿತು.

ಗಂಡುಮಗುವಿಗೆ ಬೇರೆ ಪಾಠ. ‘ಹೆಂಗಸಿನ ತರ ಅಳ್ತೀಯಲ್ಲೋ!’ ಅವನಿಗೆ ಅಳು ಬೇಡ, ಭಯ ಬೇಡ. ಉಳಿದದ್ದು ಒಂದೇ ಅಕ್ಷರ. ಸಿಟ್ಟು. ದುಃಖವಾದರೂ ಸಿಟ್ಟು, ಸೋತರೂ ಸಿಟ್ಟು. ಇಂಥ ಹುಡುಗ ದೊಡ್ಡವನಾಗಿ ಮನೆಗೆ ಬಂದರೆ ಏನಾಗುತ್ತದೆ ಎಂದು ನಾವು ಹೇಳಬೇಕಾಗಿಲ್ಲ.

ಅಳುವುದು ಹೆಣ್ಣಿನ ಗುಣ, ಸಿಟ್ಟು ಗಂಡಿನ ಗುಣ ಎಂದೇನೂ ಇಲ್ಲ. ಎಲ್ಲ ಅಕ್ಷರವೂ ಇಬ್ಬರಿಗೂ ಬೇಕು. ವರ್ಣಮಾಲೆಯಲ್ಲಿ ಹೆಣ್ಣಿಗೆ ಅರ್ಧ, ಗಂಡಿಗೆ ಅರ್ಧ ಎಂದು ಕಲಿಸಿದರೆ ಇಬ್ಬರಿಗೂ ಓದು ಬರುತ್ತದೆಯೇ?

ಗುಮ್ಮ, ಪೊಲೀಸು, ಸೂಜಿ

‘ಗುಮ್ಮ ಬರ್ತಾನೆ.’ ‘ಪೊಲೀಸಿಗೆ ಹಿಡ್ಕೊಡ್ತೀನಿ.’ ‘ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ.’ ‘ಮಿಸ್ಸಿಗೆ ಹೇಳ್ತೀನಿ.’ ಅನ್ನ ಉಣ್ಣಿಸಲು ಈ ಮಾತು ಬಳಸುತ್ತೇವೆ. ಮಗು ಹೆದರಿ ಉಣ್ಣುತ್ತದೆ. ಆದರೆ ನಾಳೆ ಸಂತೆಯಲ್ಲಿ ತಪ್ಪಿಸಿಕೊಂಡರೆ ಅದು ಯಾರ ಹತ್ತಿರ ಹೋಗಬೇಕು? ಪೊಲೀಸರ ಹತ್ತಿರ. ಮೈಗೆ ಹುಷಾರಿಲ್ಲದಿದ್ದರೆ? ಡಾಕ್ಟರ ಹತ್ತಿರ. ಯಾರಾದರೂ ತೊಂದರೆ ಕೊಟ್ಟರೆ? ಟೀಚರ್ ಹತ್ತಿರ. ಸಹಾಯಕ್ಕೆ ಬೇಕಾದವರನ್ನೇ ನಾವು ಗುಮ್ಮ ಮಾಡಿಟ್ಟಿದ್ದೇವೆ.

ಈಗ ಇನ್ನೊಂದು ಮಾತುಕತೆ ಓದಿ. ಇದನ್ನು ನಿಧಾನವಾಗಿ ಓದಿ.

ತಾಯಿ: ‘ಪುಟ್ಟಿ, ಅಂಗಡಿಗೆ ಹೋಗಿ ಸಕ್ಕರೆ ತಗೊಂಡು ಬಾ.’

ಮಗಳು: ‘ನಾನು ಹೋಗಲ್ಲ.’

ಇಲ್ಲಿ ತಾಯಿ ‘ಸೋಮಾರಿ’ ಎಂದು ಗದರಿದರೆ ಮಾತು ಅಲ್ಲಿಗೇ ಮುಗಿಯಿತು. ಈ ತಾಯಿ ಹಾಗೆ ಮಾಡಲಿಲ್ಲ.

ತಾಯಿ: ‘ಯಾಕವ್ವ? ಆಟ ಬಿಟ್ಟು ಹೋಗೋಕೆ ಬೇಜಾರಾ, ಇಲ್ಲ ಏನಾದ್ರೂ ಭಯಾನಾ?’

ಮಗಳು: ‘ಭಯ.’

ತಾಯಿ: ‘ನಾಯಿ ಭಯಾನಾ?’

ಮಗಳು: ‘ನಾಯಿ ಅಲ್ಲ. ಅಂಗಡಿ ಮಾವ ಕೈ ಹಿಡ್ಕೊಂಡ್ರೆ ಬಿಡಲ್ಲ. ಒಳಗೆ ಬಾ ಅಂತಾರೆ. ನಂಗೆ ಇಷ್ಟ ಆಗಲ್ಲ.’

ತಾಯಿ: ‘ಹೇಳಿದ್ದು ಒಳ್ಳೇದಾಯ್ತು ಕಂದಾ. ನಿಂದೇನೂ ತಪ್ಪಿಲ್ಲ. ಇನ್ಮೇಲೆ ನೀನು ಅಲ್ಲಿಗೆ ಹೋಗೋದು ಬೇಡ. ನಾನು ನೋಡ್ಕೋತೀನಿ.’

ಈ ಮಗುವನ್ನು ಕಾಪಾಡಿದ್ದು ಯಾವುದು? ‘ಭಯ’ ಎಂಬ ಒಂದು ಮಾತು. ಆ ಮಾತು ಅವಳಿಗೆ ಗೊತ್ತಿತ್ತು. ಹೇಳಿದರೆ ಅಮ್ಮ ಬಯ್ಯುವುದಿಲ್ಲ ಎಂಬುದೂ ಗೊತ್ತಿತ್ತು. ಮನಸ್ಸಿನ ಅಕ್ಷರ ಕಲಿಸಬೇಕು ಎಂದು ನಾವು ಇಷ್ಟು ಹೇಳುವುದು ಇದಕ್ಕೇ. ಬಾಯಿ ಮುಚ್ಚಿಸಿ ಬೆಳೆಸಿದ ಮಗು ಇಂಥದ್ದನ್ನೂ ಬಾಯಿ ಮುಚ್ಚಿ ನುಂಗುತ್ತದೆ. ಇದು ಗಂಡುಮಕ್ಕಳಿಗೂ ಆಗುತ್ತದೆ. ಮನೆಯ ನೆಂಟರಿಂದಲೂ ಆಗಬಹುದು.

ಮಕ್ಕಳನ್ನು ಕಾಪಾಡಲು 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿದೆ. 18 ವರ್ಷದ ಒಳಗಿನ ಎಲ್ಲ ಮಕ್ಕಳಿಗೂ ಇದು ಅನ್ವಯ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಆಗ ಪೊಲೀಸರು ಯೂನಿಫಾರಂನಲ್ಲಿ ಇರಬಾರದು. ಮಗುವಿನ ಹೆಸರು ಬಯಲು ಮಾಡಬಾರದು. ಮಕ್ಕಳ ಸಹಾಯವಾಣಿ ನಂಬರು 1098. ದುಡ್ಡು ಬೇಕಾಗಿಲ್ಲ. ಈ ನಾಲ್ಕು ಅಂಕಿ ನಿಮ್ಮ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಶಾಲೆಯಲ್ಲೂ ಮಗುವನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ.

ಕಥೆಯಲ್ಲಿ ಮನಸ್ಸು ಓದೋಣ

ಕಲಿಸಲು ದುಡ್ಡು ಬೇಡ. ಕಥೆ ಸಾಕು. ಪುಣ್ಯಕೋಟಿಯ ಕಥೆ ನಮಗೆಲ್ಲ ಗೊತ್ತು. ಹಸು ಹುಲಿಯ ಕೈಗೆ ಸಿಕ್ಕುತ್ತದೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತದೆ. ಹೇಳಿದಂತೆ ಹಿಂದಕ್ಕೆ ಬರುತ್ತದೆ.

ಕಥೆ ಹೇಳುತ್ತಾ ನಡುನಡುವೆ ಕೇಳಿ. ‘ಕರುವಿಗೆ ಆಗ ಏನನ್ನಿಸಿತು?’ ‘ಹಸು ಹುಲಿ ಹತ್ರ ನಡ್ಕೊಂಡು ಹೋಗುವಾಗ ಅದರ ಮನಸ್ಸಿನಲ್ಲಿ ಏನಿತ್ತು?’ ‘ಹಸಿದ ಹುಲಿಯ ಮನಸ್ಸು ಯಾಕೆ ಬದಲಾಯಿತು?’ ಮಗು ಯೋಚಿಸುತ್ತದೆ. ತಪ್ಪು ಉತ್ತರ ಎಂಬುದು ಇಲ್ಲ.

ಏಳೆಂಟು ವರ್ಷದ ಮೇಲೆ ಮಕ್ಕಳಿಗೆ ಇನ್ನೂ ಕಷ್ಟದ ಪಾಠ ತಿಳಿಯುತ್ತದೆ. ಒಂದೇ ಸಲಕ್ಕೆ ಎರಡು ಭಾವನೆ ಇರಬಹುದು ಎಂದು. ಅಕ್ಕನ ಮದುವೆಯಲ್ಲಿ ಸಂತೋಷವೂ ಇದೆ, ಅಕ್ಕ ಹೋಗುತ್ತಾಳೆ ಎಂಬ ದುಃಖವೂ ಇದೆ. ಇದು ಒತ್ತಕ್ಷರದ ಹಾಗೆ. ಒಂದರ ಕೆಳಗೆ ಒಂದು. ಒತ್ತಕ್ಷರ ನಮಗೂ ಕೊನೆಗೇ ಬಂತಲ್ಲವೇ?

ಒಂದು ಮಾತು ನೆನಪಿರಲಿ. ಈ ವಯಸ್ಸಿನ ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಒಂದು ಬೇಗ, ಒಂದು ನಿಧಾನ. ಆದರೆ ಮಗು ಮುಖವನ್ನೇ ನೋಡದಿದ್ದರೆ, ಕರೆದರೆ ತಿರುಗದಿದ್ದರೆ, ಕಲಿತ ಮಾತು ನಿಂತುಹೋದರೆ ಸುಮ್ಮನಿರಬೇಡಿ. ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. ಡಾಕ್ಟರಿಗೆ ತೋರಿಸಿ.

ಅಂಗನವಾಡಿಗೆ ತಪ್ಪದೆ ಕಳಿಸಿ. ಈ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾಯಿತು. ಅಲ್ಲಿ ಸಿಗುವುದು ಬರೀ ಊಟವಲ್ಲ. ಆಟ, ಹಾಡು, ಸರದಿ ಕಾಯುವುದು, ಜಗಳ ಆಡಿ ರಾಜಿಯಾಗುವುದು. ಮನಸ್ಸಿನ ಓದಿಗೆ ಇವೂ ಪಾಠಗಳೇ.

ತಾಯಿಗೂ ಮನಸ್ಸಿದೆ

ಇಷ್ಟೆಲ್ಲ ಓದಿ ಒಬ್ಬ ಅಕ್ಕ ಕೇಳಬಹುದು. ‘ಮೇಡಂ, ಮಗುವಿನ ಮನಸ್ಸು ಸರಿ. ನನ್ನ ಮನಸ್ಸು ಯಾರು ಕೇಳ್ತಾರೆ?’

ನ್ಯಾಯವಾದ ಪ್ರಶ್ನೆ. ಹೆರಿಗೆಯಾದ ಮೇಲೆ ಕೆಲವು ತಾಯಂದಿರಿಗೆ ದಿನಗಟ್ಟಲೆ ಅಳು ಬರುತ್ತದೆ. ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದು. ಇದು ಸೊಕ್ಕಲ್ಲ, ಗಾಳಿ ಸೋಕಿದ್ದೂ ಅಲ್ಲ. ಇದು ಕಾಯಿಲೆ. ಇದಕ್ಕೆ ಔಷಧ ಇದೆ. ಬೇಸರ, ಚಿಂತೆ ಎರಡು ವಾರವಾದರೂ ಹೋಗದಿದ್ದರೆ ಆಸ್ಪತ್ರೆಗೆ ಹೋಗಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ‘ಟೆಲಿ ಮಾನಸ್’ ಎಂಬ ಸಹಾಯವಾಣಿ ಶುರು ಮಾಡಿದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ.

ನಮ್ಮ ಭಾವನೆಯನ್ನೂ ಮಗುವಿಗೆ ಹೇಳಬಹುದು. ‘ಅಮ್ಮಂಗೆ ಇವತ್ತು ಸುಸ್ತಾಗಿದೆ. ಸಿಟ್ಟು ಬರ್ತಿದೆ. ನಿನ್ನ ಮೇಲಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋತೀನಿ.’ ಇಷ್ಟು ಹೇಳಿದರೆ ಮಗುವಿನ ಎದೆಯ ಭಾರ ಇಳಿಯುತ್ತದೆ. ಇಲ್ಲದಿದ್ದರೆ ಅಮ್ಮನ ಸಿಟ್ಟಿಗೆ ತಾನೇ ಕಾರಣ ಎಂದು ಮಗು ಕೊರಗುತ್ತದೆ.

ನೆನಪಿಡಿ

1. ಮಗುವಿನ ಮುಖ ನೋಡಿ ಮಾತಾಡಿ.
2. ಹೊರಗೆ ಹೋಗುವಾಗ ಹೇಳಿ ಹೋಗಿ.
3. ಮಗುವಿನ ಭಾವನೆಗೆ ಹೆಸರು ಹೇಳಿ.
4. ಸಿಟ್ಟು ಬರಲಿ, ಹೊಡೆತ ಬೇಡ.
5. ಹುಡುಗಿ ನಗಲಿ, ಹುಡುಗ ಅಳಲಿ.
6. ಗುಮ್ಮನ ಹೆದರಿಕೆ ಬೇಡ.
7. ‘ಇಷ್ಟ ಆಗಲ್ಲ’ ಎಂದು ಮಗು ಹೇಳಿದರೆ ನಿಂತು ಕೇಳಿ.

ಓದಿ, ಬರೆಯಿರಿ

ಸಂತೋಷ, ದುಃಖ, ಸಿಟ್ಟು, ಭಯ, ನಾಚಿಕೆ, ಬೇಜಾರು, ನಂಬಿಕೆ, ಕರುಣೆ.

ಈ ಮಾತುಗಳನ್ನು ಒಂದೊಂದು ಸಲ ಬರೆಯಿರಿ. ಇವುಗಳಲ್ಲಿ ಇಂದು ನಿಮ್ಮ ಮನಸ್ಸಿಗೆ ಬಂದದ್ದು ಯಾವುದು? ಅದರ ಸುತ್ತ ಗೆರೆ ಎಳೆಯಿರಿ.

ಬಿಟ್ಟ ಜಾಗ ತುಂಬಿ.

ನಮ್ಮ ಮಗುವಿಗೆ ............ ಕಂಡರೆ ಭಯ.
ನಮ್ಮ ಮಗುವಿಗೆ ............ ಆದಾಗ ಸಿಟ್ಟು ಬರುತ್ತದೆ.
ಮಕ್ಕಳ ಸಹಾಯವಾಣಿ ನಂಬರು ............

ಕೂತು ಮಾತಾಡಿ

1. ಚಿಕ್ಕವರಿದ್ದಾಗ ನೀವು ಅತ್ತರೆ ಮನೆಯಲ್ಲಿ ಏನು ಹೇಳುತ್ತಿದ್ದರು? ನಿಮ್ಮ ಅಣ್ಣ ತಮ್ಮಂದಿರಿಗೆ ಏನು ಹೇಳುತ್ತಿದ್ದರು?
2. ಮಗು ಹೆದರಿದಾಗ ನಿಮ್ಮ ಓಣಿಯಲ್ಲಿ ಯಾರ ಹತ್ತಿರ ಓಡಿ ಹೋಗಬಹುದು? ಮೂರು ಜನರ ಹೆಸರು ಹೇಳಿ.
3. ಇಂದು ರಾತ್ರಿ ಮಲಗುವ ಮುಂಚೆ ಮಗುವನ್ನು ಕೇಳಿ. ‘ಇವತ್ತು ನಿಂಗೆ ಯಾವಾಗ ಸಂತೋಷ ಆಯ್ತು? ಯಾವಾಗ ಬೇಜಾರಾಯ್ತು?’ ಅದು ಹೇಳಿದ್ದನ್ನು ಎರಡು ಸಾಲು ಬರೆದುಕೊಂಡು ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಓದೋಣ.